ಅಮಿನಿದಿವಿ ದ್ವೀಪಗಳ ಸಿಹಿನೀರು

ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಶಿವಯೋಗಿ ಸಿದ್ಧರಾಮೇಶ್ವರರ ಚರಿತ್ರೆಯನ್ನು ಶ್ರೀಮಠದ ಭಕ್ತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಬಯಲುಸೀಮೆಯಲ್ಲಿ ಮಳೆಯ ನೀರನ್ನು ನಿಲ್ಲಿಸಬೇಕಾದರೆ ನೆಲವನ್ನು ತೋಡಿ ಏರಿಯನ್ನು ಹಾಕುವುದೇ ಮಾರ್ಗವು. ಆದರೆ ಆಳವಾಗಿ ತೋಡಿದರೆ ಉಪ್ಪುನೀರೇ ಉಕ್ಕುವ ನೆಲದಲ್ಲಿ ಬಾಳುವವರ ಗತಿ ಏನು? ಇಂಥ ನೆಲವು ನಮ್ಮ ಪಡುಗಡಲಿನಲ್ಲಿಯೇ ಇರುತ್ತದೆ. ಅದರಲ್ಲಿ ಒಂದು ಭಾಗವು ಬಹುಕಾಲ ಮಂಗಳೂರಿನ ಕಚೇರಿಗೇ ಒಳಪಟ್ಟಿದ್ದಿತು.

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಹವಳದ ದ್ವೀಪಗಳ ಗುಂಪಿಗೆ ಅಮಿನಿದಿವಿ ಎಂದು ಹೆಸರು. ಇವು ೧೮ನೆಯ ಶತಮಾನದ ಉತ್ತರಾರ್ಧದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಟೀಪೂ ಸುಲ್ತಾನನ ಅಧೀನಕ್ಕೆ ಬಂದವು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕಂಪೆನಿ ಸರ್ಕಾರಕ್ಕೆ ಸೇರಿ, ಕೆನರಾ ಜಿಲ್ಲೆಗೂ ಅದು ಎರಡಾದ ಮೇಲೆ ದಕ್ಷಿಣ ಕನ್ನಡ ಜಿಲ್ಲೆಗೂ ಅಂಗವಾಗಿದ್ದವು. ೧೯೫೬ರ ನವೆಂಬರ್ ೧ರಂದು ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಸಂದವು. ಆ ಪ್ರದೇಶಕ್ಕೆ ಲಕ್ಷದ್ವೀಪವೆಂಬ ಹೆಸರಾದುದು ೧೯೭೩ರಲ್ಲಿ. ದ್ವೀಪವಾಸಿಗಳು ತೆಂಗಿನ ನಾರಿನ ಹುರಿಯನ್ನು ಹಾಯಿಯ ಓಡಗಳಲ್ಲಿ ಮಂಗಳೂರಿಗೆ ತಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಅಕ್ಕಿಯು ದಡದಿಂದ ಬಂದೀತು. ಊರಿಗೆ ಬೇಕಾಗುವ ನೀರು ಬರಲಾರದು.

ಲಕ್ಷದ್ವೀಪದ ನೆಲವೆಲ್ಲ ಸೇರಿ ಸುಮಾರು ೩೨ ಚದರ ಕಿಲೋಮೀಟರು. ಜನವಸತಿಯುಳ್ಳ ದ್ವೀಪಗಳು ೧೦. ಹೊಳೆಯಾಗಲಿ ಹಳ್ಳವಾಗಲಿ ಒಂದೂ ಇಲ್ಲ. ವರ್ಷಕ್ಕೆ ಸುಮಾರು ೧,೬೦೦ ಮಿಲ್ಲಿಮೀಟರು ಮಳೆಯಾಗುತ್ತದೆ. ಅದೇ ಸಕಲಕ್ಕೂ ಆಧಾರ. ಹವಳದ ಮರಳಿನೊಳಗೆ ಇಂಗಿದ ಈ ನೀರು ಕಡಲಿನ ನೀರಿಗಿಂತ ಹಗುರವಾದುದರಿಂದ, ಅದರೊಡನೆ ಒಮ್ಮೆಗೇ ಬೆರೆಯದೆ ಅದರ ಮೇಲೆ ತೇಲಿ ನಿಲ್ಲುತ್ತದೆ. ೧,೦೦೦ ತೂಕದ ಸಿಹಿನೀರು ಹಿಡಿಯುವ ಪಾತ್ರೆಯಲ್ಲಿ ಕಡಲನೀರು ೧,೦೨೫ ತೂಕ ಹಿಡಿಯುತ್ತದೆ. ಭೇದವು ಇಷ್ಟೇ, ಇಷ್ಟರ ಮೇಲೆಯೇ ಒಂದು ಜನಪದದ ಜೀವವು ನಿಂತಿರುವುದನ್ನು ನೆನೆದರೆ ಆಶ್ಚರ್ಯವಾಗದಿರದು. ಡಚ್ ದೇಶದ ಬೇಡನ್ ಗೈಬೆನ್ ಎಂಬಾತನು ೧೯ನೆಯ ಶತಮಾನದ ಕಡೆಯಲ್ಲಿಯೂ, ಜರ್ಮನಿಯ ಹೆರ್ಜ್‌ಬರ್ಗನು ೧೯೦೧ರಲ್ಲಿಯೂ ಇದರ ಲೆಕ್ಕವನ್ನು ವಿವರಿಸಿದರು. ಸಿಹಿನೀರು ಸಮುದ್ರಮಟ್ಟಕ್ಕಿಂತ ೧ ಅಡಿ ಮೇಲಿದ್ದರೆ ಕೆಳಗೆ ೪೦ ಅಡಿಯವರೆಗೆ ಸಿಹಿನೀರಿರುವುದೆಂಬುದು ಆ ಲೆಕ್ಕದ ತಾತ್ಪರ್ಯ. ಕಿರಿದಾದ ಹವಳದ ದ್ವೀಪಗಳಲ್ಲಿ ಎರಡು ನೀರೂ ಬೆರೆಯುವ ಪದರವು ದಪ್ಪವಾಗಿರುವುದರಿಂದ ಈ ಪ್ರಮಾಣವು ಯಥಾವತ್ತಾಗಿ ನಿಲ್ಲದು. ತತ್ತ್ವವು ಮಾತ್ರ ಸತ್ಯ.

ಅದೇ ತತ್ತ್ವದ ಇನ್ನೊಂದು ಮುಖವು ಭಯಂಕರವಾದುದು. ಮೇಲಿನ ನೀರು ೧ ಅಡಿ ಇಳಿದರೆ ಕೆಳಗಿನ ಉಪ್ಪು ೪೦ ಅಡಿ ಏರಬಲ್ಲುದು. ಹಿರಿಯರು ಈ ಗಣಿತವನ್ನು ಓದಿದವರಲ್ಲ. ಆದರೂ ಬಾವಿಗಳನ್ನು ಆಳಮಾಡದೆ, ಮಸೀದಿಗಳ ಬಳಿ ಕೊಳಗಳನ್ನು ತೋಡಿ, ಕೊಡಕೊಡವಾಗಿ ಮೊಗೆದುಕೊಳ್ಳುತ್ತಿದ್ದರು. ಕಡಲಿನ ಉಬ್ಬರವಿಳಿತದೊಡನೆ ಆ ಬಾವಿಗಳ ನೀರೂ ಏರಿ ಇಳಿಯುತ್ತದೆ. ಬಾವಿಯೊಳಕ್ಕೆ ವಿದ್ಯುತ್ ಪಂಪು ಇಳಿದ ಮೇಲೆ ಆ ಮಿತಿ ಮುರಿಯಿತು. ಒಂದು ಗಳಿಗೆಯಲ್ಲಿ ಒಂದೇ ಸ್ಥಳದಿಂದ ಬಹಳ ನೀರನ್ನು ಎಳೆದರೆ, ಅದರ ನೇರಕ್ಕೆ ಕೆಳಗಿನ ಉಪ್ಪುನೀರು ಹುತ್ತದಂತೆ ಮೇಲೇಳುತ್ತದೆ. ಹಾಗೆ ಕೆಟ್ಟ ಬಾವಿಯು ತಿಳಿಯಾಗಲು ಹಲವು ಮಳೆಗಾಲಗಳು ಬೇಕಾದಾವು. ಮನೆಮನೆಯ ಶೌಚದ ಗುಂಡಿಗಳು ಬಾವಿಗೆ ಸಮೀಪವಾದುದು ಮತ್ತೊಂದು ಕೇಡು.

ಆದುದರಿಂದ ಇಲ್ಲಿ ಕಲಿಸುವವನು "ನೀರನ್ನು ಉಳಿಸಿರಿ" ಎಂದಷ್ಟೇ ಹೇಳಿದರೆ ವ್ಯರ್ಥ. ಗಾಜಿನ ಪಾತ್ರೆಯಲ್ಲಿ ಉಪ್ಪುನೀರನ್ನು ತುಂಬಿ, ಬಣ್ಣ ಕಲಸಿದ ಸಿಹಿನೀರನ್ನು ಮೆಲ್ಲನೆ ಮೇಲೆ ಬಿಟ್ಟು, ಕೊಳವೆಯಿಂದ ಒಮ್ಮೆ ಮೆಲ್ಲನೆ, ಒಮ್ಮೆ ರಭಸದಿಂದ ಹೀರಿ ತೋರಿಸಿದರೆ ಪಾಠಶಾಲೆಯ ಬಾಲಕನಿಗೂ ತಿಳಿಯುವುದು. ಅವನು ಮನೆಗೆ ಹೋಗಿ ತಾಯಿಗೆ ಹೇಳುವನು. ಬಾವಿಯ ಬಳಿ ಹೆಚ್ಚು ಹೊತ್ತು ಇರುವವಳು ಆಕೆಯೇ.

ಎರಡನೆಯ ಪಾಠವು ಮಾಡಿನದು. ಗರಿ ಹೊದಿಸಿದ ಮಾಡಿನ ನೀರು ಕಂದಾಗಿ ಕುಡಿಯಲು ಬಾರದು. ಹೆಂಚು ಮತ್ತು ಕಾಂಕ್ರೀಟು ಬಂದಮೇಲೆ ಅದು ಸುಲಭವಾಯಿತು. ಲೆಕ್ಕವನ್ನು ನೋಡೋಣ. ೫೦ ಚದರ ಮೀಟರಿನ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು ೮೦,೦೦೦ ಲೀಟರು. ಐವರ ಸಂಸಾರಕ್ಕೆ ಕುಡಿಯಲೂ ಅಡಿಗೆಗೂ ದಿನಕ್ಕೆ ೫೦ ಲೀಟರು ಎಂದು ಹಿಡಿದರೆ, ಮಳೆಯಿಲ್ಲದ ೧೮೦ ದಿನಗಳಿಗೆ ೯,೦೦೦ ಲೀಟರು ಸಾಕು. ಕುಡಿಯುವ ನೀರಿಗೆ ತೊಟ್ಟಿ, ಸ್ನಾನಕ್ಕೂ ಬಟ್ಟೆಗೂ ಬಾವಿ ಎಂದು ಪಾಲುಮಾಡಿದರೆ ಬಾವಿಯ ಭಾರವು ಇಳಿಯುವುದು.

ಕವರತ್ತಿಯಲ್ಲಿ ೨೦೦೫ರಲ್ಲಿ ಸಮುದ್ರಜಲವನ್ನು ಭಟ್ಟಿಯಿಳಿಸಿ ದಿನಕ್ಕೆ ೧ ಲಕ್ಷ ಲೀಟರು ಸಿಹಿನೀರನ್ನು ಕೊಡುವ ಯಂತ್ರವು ಸ್ಥಾಪಿತವಾಯಿತು. ಮೇಲಿನ ಬೆಚ್ಚನೆಯ ನೀರನ್ನು ಆವಿಮಾಡಿ, ಆಳದ ತಣ್ಣನೆಯ ನೀರಿನಿಂದ ಅದನ್ನು ತಂಪುಗೊಳಿಸುವ ಜಾಣ್ಮೆಯು ಪ್ರಶಂಸನೀಯವೇ ಸರಿ. ಆದರೂ ಯಂತ್ರಕ್ಕೆ ವಿದ್ಯುತ್ತು ಬೇಕು, ಆ ವಿದ್ಯುತ್ತಿಗೆ ಬಹುಮಟ್ಟಿಗೆ ದಡದಿಂದ ಹಡಗಿನಲ್ಲಿ ಡೀಸೆಲ್ ಬರಬೇಕು. ಮಾಡಿನ ದೋಣಿಗೆ ಬೇಕಾದುದು ಏಣಿಯೊಂದು, ಪೊರಕೆಯೊಂದು. ಮೇ ತಿಂಗಳ ಕಡೆಗೆ ಮುಂಗಾರು ಈ ದ್ವೀಪಗಳನ್ನು ಮುಟ್ಟುವ ಮುನ್ನ ದೋಣಿಯ ಕಸವನ್ನು ಗುಡಿಸಿ, ತೊಟ್ಟಿಯನ್ನು ತೊಳೆದು ಮುಚ್ಚಿ, ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಟ್ಟು, ಎರಡನೆಯದನ್ನು ಒಳಕ್ಕೆ ತಿರುಗಿಸಿಕೊಳ್ಳಬೇಕು.