‘ಇಲ್ಲ’ ಬೇರೆ, ‘ಕಾಣಲಿಲ್ಲ’ ಬೇರೆ

"ಸ್ಕ್ಯಾನ್ ಆಯ್ತಂತೆ, ಏನೂ ಇಲ್ವಂತೆ!" ಮೊನ್ನೆ ಊರಿಂದ ಅಮ್ಮ ಫೋನ್ ಮಾಡಿ ದೊಡ್ಡಪ್ಪನ ವಿಷಯ ಹೇಳಿದಾಗ ನನಗೂ ನೆಮ್ಮದಿಯಾಯ್ತು. ಆಮೇಲೆ ರಿಪೋರ್ಟಿನ ಫೋಟೋ ತರಿಸಿಕೊಂಡು ನೋಡಿದೆ. ಅದರಲ್ಲಿದ್ದದ್ದು ‘ಏನೂ ಕಂಡುಬಂದಿಲ್ಲ’ ಅಂತ. ಎರಡೂ ಒಂದೇ ಅಲ್ವಾ ಅಂತೀರಾ? ದೊಡ್ಡ ಕರುಳಿನ ಕ್ಯಾನ್ಸರಿನ ಮಟ್ಟಿಗೆ ಈ ಎರಡು ಮಾತಿನ ನಡುವಿನ ಅಂತರದ್ದೇ ಒಂದು ಚರಿತ್ರೆ ಇದೆ.

ಈ ಕ್ಯಾನ್ಸರ್ ಹೆಚ್ಚಾಗಿ ಶುರುವಾಗೋದು ಕರುಳಿನ ಒಳಗೋಡೆಯ ಮೇಲೆ ಮೊಳೆಯುವ ಪಾಲಿಪ್ ಅನ್ನೋ ಪುಟ್ಟ ಗಂಟಿನಿಂದ. ಅದು ಕ್ಯಾನ್ಸರ್ ಆಗೋಕೆ ವರ್ಷಗಳೇ ಬೇಕು. ಅಷ್ಟರೊಳಗೆ ಕಂಡುಹಿಡಿದು ಕತ್ತರಿಸಿದರೆ ಮುಗೀತು. ಅಂದರೆ ಎಲ್ಲ ನಿಂತಿರೋದು ‘ಕಾಣುವುದರ’ ಮೇಲೆ.

1895ರಲ್ಲಿ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದರೂ ಕರುಳು ಅದರಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಹಾಗಾಗಿ ಹಿಂಬದಿಯಿಂದ ಬೇರಿಯಂ ದ್ರವ ತುಂಬಿಸಿ, ಮುಂದೆ ಅದರ ಜೊತೆ ಗಾಳಿಯನ್ನೂ ಊದಿ ಚಿತ್ರ ತೆಗೆಯುವ ಪದ್ಧತಿ ಬಂತು. ದಶಕಗಟ್ಟಲೆ ಅದನ್ನೇ ನಂಬಿದರು. 2000ದಲ್ಲಿ ಅಮೆರಿಕದ ನ್ಯಾಷನಲ್ ಪಾಲಿಪ್ ಸ್ಟಡಿಯವರು ಬೇರಿಯಂ ಚಿತ್ರವನ್ನು ಕೊಲೊನೊಸ್ಕೋಪಿಯ (ಕ್ಯಾಮೆರಾ ಇರುವ ಕೊಳವೆ ತೂರಿಸಿ ನೇರವಾಗಿ ನೋಡೋದು) ಪಕ್ಕ ಇಟ್ಟು ಅಳೆದರು. ಒಂದು ಸೆಂಟಿಮೀಟರಿಗಿಂತ ದೊಡ್ಡ ಪಾಲಿಪ್‌ಗಳಿದ್ದ ಪ್ರಕರಣಗಳಲ್ಲೂ ಬೇರಿಯಂ ಚಿತ್ರ ಹಿಡಿದದ್ದು ಶೇ. 48 ಮಾತ್ರ!

ಅಷ್ಟರಲ್ಲಿ ಹೊಸ ಆಸೆ ಹುಟ್ಟಿತ್ತು. 1994ರಲ್ಲಿ ಅಮೆರಿಕದ ಡೇವಿಡ್ ವೈನಿಂಗ್, ಸಿ.ಟಿ. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಕರುಳಿನೊಳಗೆ ಹಾರಿಕೊಂಡು ಹೋದಂತೆ ತೋರಿಸಿದ. ಹೆಸರು ‘ವರ್ಚುವಲ್ ಕೊಲೊನೊಸ್ಕೋಪಿ’.

ಕಥೆ ರೋಚಕವಾಗೋದು ಇಲ್ಲಿ. 2003ರ ಡಿಸೆಂಬರಿನಲ್ಲಿ ಪಿಕ್‌ಹಾರ್ಟ್ ತಂಡ 1233 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯ್ತು. 10 ಮಿ.ಮೀ. ಅಥವಾ ದೊಡ್ಡ ಅಡಿನೋಮ (ಕ್ಯಾನ್ಸರ್ ಆಗಬಲ್ಲ ಪಾಲಿಪ್) ಇದ್ದವರಲ್ಲಿ ಶೇ. 93.8 ಮಂದಿಯನ್ನು ಸ್ಕ್ಯಾನ್ ಹಿಡಿದಿತ್ತು. ಎಲ್ಲರಿಗೂ ಸಂಭ್ರಮ. ನಾಲ್ಕೇ ತಿಂಗಳಿಗೆ, 2004ರ ಏಪ್ರಿಲ್‌ನಲ್ಲಿ, ಕಾಟನ್ ತಂಡದ ವರದಿ ಬಂತು. 9 ಆಸ್ಪತ್ರೆ, 615 ಜನ. ಅದೇ ಅಳತೆಯ ಗಂಟುಗಳಿದ್ದವರಲ್ಲಿ ಸಿಕ್ಕಿದ್ದು ಬರೀ ಶೇ. 55. ಇದ್ದ 8 ಕ್ಯಾನ್ಸರ್‌ಗಳಲ್ಲಿ 2 ತಪ್ಪಿಹೋಗಿದ್ದವು.

ಒಂದೇ ಹೆಸರಿನ ಪರೀಕ್ಷೆ, ಇಷ್ಟು ವ್ಯತ್ಯಾಸ! ಯಾಕೆ? ಪಿಕ್‌ಹಾರ್ಟ್ ತಂಡ ಕುಡಿಯೋಕೆ ಔಷಧಿ ಕೊಟ್ಟು, ಕರುಳಲ್ಲಿ ಉಳಿದ ಮಲ ಚಿತ್ರದಲ್ಲಿ ಬೇರೆಯಾಗಿ ಕಾಣುವಂತೆ ಮಾಡಿತ್ತು. ಮೊದಲ ಓದನ್ನೇ ಮೂರು ಆಯಾಮದಲ್ಲಿ ಮಾಡಿತ್ತು. ಕಾಟನ್ ಅಧ್ಯಯನದಲ್ಲಿ ಹಾಗಿರಲಿಲ್ಲ. ಓದುವವರಿಗೆ ಬೇಕಿದ್ದ ಕನಿಷ್ಠ ಅನುಭವ 10 ಪರೀಕ್ಷೆಗಳದ್ದು. ಯಂತ್ರವೂ ಮುಖ್ಯ, ಆದರೆ ತಯಾರಿ ಮತ್ತು ಓದುವ ಕಣ್ಣು ಅಷ್ಟೇ ಮುಖ್ಯ.

ಇದರಿಂದ ಪಾಠ ಕಲಿತದ್ದು 2008ರಲ್ಲಿ ಪ್ರಕಟವಾದ, 15 ಕೇಂದ್ರಗಳ ಅಮೆರಿಕದ ಅಧ್ಯಯನ. ಅಲ್ಲಿ ಮೊದಲು ಪರೀಕ್ಷೆ ನಡೆದದ್ದು ರೇಡಿಯಾಲಜಿಸ್ಟರಿಗೇ! ದೊಡ್ಡ ಪಾಲಿಪ್‌ಗಳಲ್ಲಿ ಶೇ. 90 ಗುರುತಿಸಿದವರಿಗೆ ಮಾತ್ರ ಪ್ರವೇಶ. 2531 ಜನರಲ್ಲಿ ಬಂದ ಫಲಿತಾಂಶವೂ ಶೇ. 90. ಹತ್ತರಲ್ಲಿ ಒಬ್ಬರು ಆಗಲೂ ತಪ್ಪಿಹೋಗುತ್ತಿದ್ದರು ಅನ್ನೋದನ್ನ ಮರೀಬೇಡಿ.

ಹಾಗಂತ ಕೊಲೊನೊಸ್ಕೋಪಿ ದೇವರಲ್ಲ. ಪಿಕ್‌ಹಾರ್ಟ್ ಅಧ್ಯಯನದಲ್ಲಿ ವೈದ್ಯರು ಸ್ಕ್ಯಾನ್ ಫಲಿತಾಂಶ ಗೊತ್ತಿಲ್ಲದೆ ಒಮ್ಮೆ ನೋಡಿ, ತಿಳಿದ ಮೇಲೆ ಮತ್ತೊಮ್ಮೆ ನೋಡಿದರು. ಮೊದಲ ನೋಟಕ್ಕೆ ಸಿಕ್ಕಿದ್ದು ಶೇ. 87.5. ಅಳತೆಗೋಲನ್ನೂ ಅಳೆಯಬೇಕು ಅನ್ನೋದು ಇದಕ್ಕೇ. ಈಗ ಕಂಪ್ಯೂಟರೇ ಚಿತ್ರ ಓದುತ್ತೆ ಅಂತಾರೆ. ಸಂತೋಷ. ಆದರೆ ಅದನ್ನೂ ಇದೇ ಪ್ರಶ್ನೆ ಕೇಳಬೇಕು: ಯಾವುದರ ಪಕ್ಕ ಇಟ್ಟು ಅಳೆದಿರಿ? ಯಾರ ಮೇಲೆ?

ದೊಡ್ಡಪ್ಪನಿಗೆ ಆದದ್ದು ಹೊಟ್ಟೆಯ ಸಾಮಾನ್ಯ ಸಿ.ಟಿ. ಕರುಳು ಖಾಲಿ ಮಾಡಿಸಿರಲಿಲ್ಲ, ಗಾಳಿ ತುಂಬಿರಲಿಲ್ಲ. ಪುಟ್ಟ ಪಾಲಿಪ್ ಹುಡುಕೋ ಪರೀಕ್ಷೆಯೇ ಅದಲ್ಲ. ರಕ್ತ ಹೋಗೋದು ಇನ್ನೂ ನಿಂತಿಲ್ಲ. ಡಾಕ್ಟರನ್ನ ಮತ್ತೆ ಕೇಳಿ ಕೊಲೊನೊಸ್ಕೋಪಿಗೆ ದಿನ ಗೊತ್ತು ಮಾಡಿದ್ದೇವೆ.

"ಏನೂ ಇಲ್ಲ ಅಂದಮೇಲೆ ಮತ್ತೆ ಯಾಕೋ?" ಅಂತ ದೊಡ್ಡಪ್ಪ ರೇಗುತ್ತಿದ್ದಾರೆ. "ಇಲ್ಲ ಅಂದಿಲ್ಲ ದೊಡ್ಡಪ್ಪ, ಕಾಣಲಿಲ್ಲ ಅಂದಿದ್ದಾರೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಯಾವತ್ತು ಬರ್ಬೇಕು?" ಅಂದರು.