ಕಣಕಾಲ ನೋವಿನ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಕ್ರೀಡೆಯ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಶಾಲೆ ಗೆದ್ದ ಕಪ್ಪು, ಷೀಲ್ಡುಗಳ ಬಗ್ಗೆ ಬರೆಯುವವರು ಹಲವರಿದ್ದಾರೆ. ಈ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕನಾಗಿ ಮೈದಾನದಲ್ಲೇ ಕಾಲ ಕಳೆದ ನಾನು, ಆ ಕಪ್ಪುಗಳ ಹಿಂದೆ ಓಡಿದ ಕಾಲುಗಳ ಬಗ್ಗೆ, ಅವುಗಳನ್ನು ಕಾಡಿದ ಒಂದು ನೋವಿನ ಬಗ್ಗೆ ಬರೆಯುತ್ತೇನೆ. ಓಡಿದ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದು ಪರಿಚಿತ. ಜೂನ್‌ನಲ್ಲಿ ಶಾಲೆ ಶುರುವಾಗಿ, ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಅಭ್ಯಾಸ ಆರಂಭವಾದ ಮೂರ್ನಾಲ್ಕು ವಾರಕ್ಕೆ ಕೆಲವು ಮಕ್ಕಳು ಕುಂಟತೊಡಗುತ್ತಾರೆ. ಕೇಳಿದರೆ ಕಣಕಾಲ ಒಳಬದಿಯನ್ನು ಕೈಯಿಂದ ಸವರಿ ತೋರಿಸುತ್ತಾರೆ. ಪೆಟ್ಟು ಬಿದ್ದಿಲ್ಲ, ಉಳುಕಿಲ್ಲ, ಆದರೆ ನೋವು. ಇಂಗ್ಲಿಷಿನಲ್ಲಿ ಇದಕ್ಕೆ ‘ಶಿನ್ ಸ್ಪ್ಲಿಂಟ್ಸ್’ ಎಂದು ಹೆಸರು.

ಈ ನೋವಿನ ಚರಿತ್ರೆ ಆರಂಭವಾಗುವುದು ಆಟದ ಮೈದಾನದಲ್ಲಿ ಅಲ್ಲ, ಸೇನೆಯಲ್ಲಿ. 1855ರಲ್ಲಿ ಪ್ರಷ್ಯಾ ದೇಶದ ಸೇನಾ ವೈದ್ಯ ಬ್ರೈಟ್‌ಹೌಪ್ಟ್, ದೀರ್ಘ ಕವಾಯತು ಮಾಡಿದ ಸೈನಿಕರ ಪಾದಗಳು ಪೆಟ್ಟಿಲ್ಲದೆಯೇ ಊದಿಕೊಂಡು ನೋಯುವುದನ್ನು ಗಮನಿಸಿ ದಾಖಲಿಸಿದ. ಒಳಗೆ ಏನಾಗಿದೆ ಎಂದು ನೋಡುವ ದಾರಿ ಆಗ ಇರಲಿಲ್ಲ. 1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ, 1897ರಲ್ಲಿ ಅಂಥ ಪಾದಗಳ ಚಿತ್ರ ತೆಗೆದು ನೋಡಿದಾಗ ಪಾದದ ಸಣ್ಣ ಮೂಳೆಗಳಲ್ಲಿ ಬಿರುಕು ಕಂಡಿತು. ಒಂದೇ ದೊಡ್ಡ ಪೆಟ್ಟಿನಿಂದ ಮಾತ್ರವಲ್ಲ, ಸಾವಿರಾರು ಸಣ್ಣ ಪೆಟ್ಟುಗಳಿಂದಲೂ ಮೂಳೆ ಸೋಲುತ್ತದೆ ಎಂಬುದು ಹಾಗೆ ತಿಳಿಯಿತು.

ಅದೇ ಕಾಲದಲ್ಲಿ, 1892ರಲ್ಲಿ, ಜರ್ಮನಿಯ ವೈದ್ಯ ಜೂಲಿಯಸ್ ವುಲ್ಫ್ ಇನ್ನೊಂದು ಮಾತು ಹೇಳಿದ್ದ: ಮೂಳೆ ಕಲ್ಲಿನಂತೆ ಜಡವಲ್ಲ, ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಮುಂದೆ ನಾನು ಹೇಳುವುದಕ್ಕೆಲ್ಲ ಇವೆರಡು ತಿಳಿವಳಿಕೆಗಳೇ ತಳಹದಿ.

ಓಟಗಾರರ ಸರದಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. 1913ರಲ್ಲಿ ಅಮೆರಿಕದ ದೈಹಿಕ ಶಿಕ್ಷಣ ಪತ್ರಿಕೆಯೊಂದರಲ್ಲಿ ಮೊಳೆ ಬೂಟು ತೊಟ್ಟು ಓಡುವವರ ಕಾಲುನೋವಿನ ಕುರಿತು ಲೇಖನ ಬಂತು. ಆಗಿನ ಟ್ರ್ಯಾಕುಗಳು ಕಲ್ಲಿದ್ದಲ ಕಿಟ್ಟ ಹಾಸಿದ ಸಿಂಡರ್ ಟ್ರ್ಯಾಕುಗಳು. ಒಲಿಂಪಿಕ್ಸ್‌ನಲ್ಲಿ ಕೊನೆಯ ಬಾರಿ ಸಿಂಡರ್ ಟ್ರ್ಯಾಕಿನ ಮೇಲೆ ಓಟ ನಡೆದದ್ದು 1964ರ ಟೋಕಿಯೋದಲ್ಲಿ. ನಮ್ಮ ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ ಭಾರತದ ರಿಲೇ ತಂಡದಲ್ಲಿ ಓಡಿದ್ದು ಅದೇ ಟ್ರ್ಯಾಕಿನ ಮೇಲೆ. 1968ರ ಮೆಕ್ಸಿಕೋದಲ್ಲಿ ಸಿಂಥೆಟಿಕ್ ಟ್ರ್ಯಾಕು ಬಂತು, ಬೂಟುಗಳೂ ಮೆತ್ತಗಾದವು. ಆದರೂ ಕಣಕಾಲ ನೋವು ಹೋಗಲಿಲ್ಲ. ಕಾರಣ ನೆಲದಲ್ಲಿ ಮಾತ್ರ ಇಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

1958ರಲ್ಲಿ ಇಂಗ್ಲೆಂಡಿನ ಮೂಳೆ ವೈದ್ಯ ಮೈಕೆಲ್ ಡೆವಾಸ್, ಕ್ರೀಡಾಪಟುಗಳ ಈ ನೋವಿನ ಹಿಂದೆ ಕಣಕಾಲ ಮೂಳೆಯಾದ ಟಿಬಿಯಾದ ಬಿರುಕು ಇರುತ್ತದೆ ಎಂದು ತೋರಿಸಿದ. 1966ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಬೇರೆ ಗೆರೆ ಎಳೆಯಿತು: ಬಿರುಕು ಇದ್ದರೆ ಅದನ್ನು ಶಿನ್ ಸ್ಪ್ಲಿಂಟ್ಸ್ ಎನ್ನಬಾರದು, ಸ್ನಾಯು ಮತ್ತು ಸ್ನಾಯುರಜ್ಜುಗಳ ಉರಿಯೂತಕ್ಕೆ ಮಾತ್ರ ಆ ಹೆಸರು. 1982ರ ಹೊತ್ತಿಗೆ ‘ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್’ ಎಂಬ ಹೊಸ ಹೆಸರು ಬಳಕೆಗೆ ಬಂತು. ಟಿಬಿಯಾದ ಒಳ ಅಂಚಿನಲ್ಲಿ, ಒತ್ತಡದಿಂದ ಬರುವ ತೊಂದರೆ ಎಂದು ಇದರ ಅರ್ಥ.

ಹೆಸರಿನ ಜಗಳದ ನಡುವೆ ಚಿಕಿತ್ಸೆಯ ಬಗ್ಗೆ ಒಂದು ಒಳ್ಳೆಯ ಪ್ರಯೋಗ ನಡೆಯಿತು. 1974ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಅಮೆರಿಕದ ನೌಕಾ ಅಕಾಡೆಮಿಯ ಮೊದಲ ವರ್ಷದ 2,777 ಕೆಡೆಟ್‌ಗಳನ್ನು ಗಮನಿಸಿದರು. ನೋವು ಬಂದವರನ್ನು ಗುಂಪುಗಳಾಗಿ ಮಾಡಿ ಮಂಜುಗಡ್ಡೆ, ಆಸ್ಪಿರಿನ್, ಇನ್ನೊಂದು ನೋವಿನ ಮಾತ್ರೆ, ಹಿಮ್ಮಡಿಯ ಸ್ನಾಯುರಜ್ಜುವನ್ನು ಹಿಗ್ಗಿಸುವ ವ್ಯಾಯಾಮ, ಪ್ಲಾಸ್ಟರ್ ಪಟ್ಟಿ, ಹೀಗೆ ಬೇರೆ ಬೇರೆ ಉಪಚಾರ ಕೊಟ್ಟರು. ಯಾವುದೂ ಇನ್ನೊಂದಕ್ಕಿಂತ ಮೇಲು ಎಂದು ಕಾಣಲಿಲ್ಲ. ಎಲ್ಲ ಗುಂಪುಗಳಿಗೂ ಸಮಾನವಾಗಿದ್ದದ್ದು ಒಂದೇ, ಓಟಕ್ಕೆ ವಿರಾಮ. ಅಂಗಡಿಯಿಂದ ಮುಲಾಮು ತಂದುಕೊಟ್ಟು ಮರುದಿನವೇ ಮಗನನ್ನು ಮೈದಾನಕ್ಕೆ ಕಳಿಸಲು ಬಯಸುವ ಪೋಷಕರಿಗೆ ನಾನು ಈ ಪ್ರಯೋಗದ ಕಥೆಯನ್ನೇ ಹೇಳುತ್ತಿದ್ದೆ.

2001ರಲ್ಲಿ ಸ್ವೀಡನ್ನಿನ ಸಂಶೋಧಕರು ಬಹುಕಾಲದಿಂದ ಈ ನೋವಿದ್ದ ಕ್ರೀಡಾಪಟುಗಳ ಮೂಳೆಯ ಸಾಂದ್ರತೆ ಅಳೆದರು. ನೋವಿದ್ದ ಜಾಗದಲ್ಲಿ ಅದು ಕಡಿಮೆಯಾಗಿತ್ತು. 2003ರಲ್ಲಿ ಸಮಾಧಾನದ ಸುದ್ದಿಯೂ ಬಂತು: ನೋವು ವಾಸಿಯಾದವರಲ್ಲಿ ಸಾಂದ್ರತೆ ಮತ್ತೆ ಮೊದಲಿನಂತಾಗಿತ್ತು. ಮೂಳೆಗೆ ಕಾಲಾವಕಾಶ ಕೊಟ್ಟರೆ ಅದು ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ ಎಂಬ ವುಲ್ಫ್‌ನ ಮಾತಿಗೆ ಇದು ಹೊಂದುತ್ತದೆ.

ಈಗ ನಮ್ಮ ಮೈದಾನಕ್ಕೆ ಬರೋಣ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಕಣಕಾಲ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯ ಭಾಗವನ್ನು ಕರಗಿಸಿ, ಆಮೇಲೆ ಹೊಸದನ್ನು ತುಂಬಿಕೊಳ್ಳುತ್ತದೆ. ಹಳೆ ಮನೆ ರಿಪೇರಿಗೆ ಗೋಡೆ ಬಿಚ್ಚಿದಂತೆ, ನಡುವಿನ ಕೆಲವು ವಾರ ಅದು ದುರ್ಬಲವಾಗಿರುತ್ತದೆ. ಬೇಸಿಗೆ ರಜೆಯಲ್ಲಿ ಓಡದ ಮಗು ಜೂನ್‌ನಲ್ಲಿ ಒಮ್ಮೆಲೇ ದಿನವೂ ಓಡಿದರೆ, ಕ್ರೀಡಾಕೂಟ ಹತ್ತಿರ ಬಂದು ಅಭ್ಯಾಸ ಬಿಗಿಯಾಗುವ ಹೊತ್ತಿಗೇ ಮೂಳೆ ಸೋತಿರುತ್ತದೆ. ಜುಲೈಯ ಕುಂಟುವಿಕೆಗೆ ಇದೇ ಕಾರಣ.

ಗುರುತಿಸುವುದು ಹೇಗೆ? ಕಣಕಾಲ ಒಳ ಅಂಚಿನ ಉದ್ದಕ್ಕೂ, ಮೂರ್ನಾಲ್ಕು ಬೆರಳಗಲಕ್ಕಿಂತ ಹೆಚ್ಚು ಜಾಗದಲ್ಲಿ ಒತ್ತಿದರೆ ನೋಯುವುದು ಸಾಮಾನ್ಯ ಶಿನ್ ಸ್ಪ್ಲಿಂಟ್ಸ್. ಒಂದೇ ಬೆರಳಿನಿಂದ ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ತೀವ್ರ ನೋವು, ಒಂಟಿಕಾಲಲ್ಲಿ ಕುಪ್ಪಳಿಸಲು ಆಗದಿರುವುದು, ರಾತ್ರಿ ಮಲಗಿದಾಗಲೂ ನೋವು, ಇವಿದ್ದರೆ ಬಿರುಕಿನ ಶಂಕೆ. ಓಡುವಾಗ ಕಣಕಾಲು ಬಿಗಿದು ಪಾದ ಜೋಮು ಹಿಡಿಯುವುದೂ ಬೇರೆಯೇ ತೊಂದರೆಯ ಸೂಚನೆ. ಇಂಥ ಮಕ್ಕಳನ್ನು ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಬೇಕು. ಮೊದಲ ವಾರಗಳ ಎಕ್ಸ್-ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಎಕ್ಸ್-ರೇ ಚೆನ್ನಾಗಿದೆ ಎಂದು ಮಾತ್ರಕ್ಕೆ ಓಡಿಸಬಾರದು.

ಉಪಚಾರ ಸರಳ. ನೋವು ತರುವ ಓಟ, ಜಿಗಿತ ನಿಲ್ಲಿಸಬೇಕು; ಸೈಕಲ್ ತುಳಿಯುವುದು, ಈಜುವುದು ನೋವಿಲ್ಲದಿದ್ದರೆ ಮುಂದುವರಿಯಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ನೋವು ತಗ್ಗಿಸುತ್ತದೆ, ಮೂಳೆಯನ್ನು ಕಟ್ಟುವುದಿಲ್ಲ. ನೋವಿನ ಮಾತ್ರೆ ನುಂಗಿ ಓಡುವುದು ಅಪಾಯ. ನೋಯುವ ಮೂಳೆಯನ್ನು ಎಣ್ಣೆ ಹಚ್ಚಿ ಜೋರಾಗಿ ತಿಕ್ಕಬಾರದು. ನಡೆದರೆ, ಒತ್ತಿದರೆ ನೋವಿಲ್ಲ ಎಂದಾದ ಮೇಲೆ ಮೊದಲು ನಡಿಗೆ, ಆಮೇಲೆ ಒಂದು ನಿಮಿಷ ಓಟ ಒಂದು ನಿಮಿಷ ನಡಿಗೆ, ದಿನ ಬಿಟ್ಟು ದಿನ, ಹೀಗೆ ಹಿಂದಿರುಗಬೇಕು. ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮದಿಂದ ಮೀನಖಂಡ ಬಲವಾಗುತ್ತದೆ.

ತಡೆಯುವುದು ಇನ್ನೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲೂ ವಾರಕ್ಕೆ ಎರಡು ಮೂರು ದಿನ ಹಗುರವಾಗಿ ಓಡುತ್ತಿರಬೇಕು. ಡಾಂಬರು ರಸ್ತೆಗಿಂತ ಮಣ್ಣಿನ ನೆಲ ಲೇಸು. ಬರಿಗಾಲಲ್ಲಿ ಓಡಿ ಬೆಳೆದವರು ಒಮ್ಮೆಲೇ ಮೊಳೆ ಬೂಟಿಗೆ ಹೋಗಬಾರದು, ಬೂಟಿನವರು ಒಮ್ಮೆಲೇ ಬರಿಗಾಲಿಗೂ ಬರಬಾರದು. ನಿದ್ದೆ, ಊಟ ಸಾಲದ ಮಗುವಿನ ಮೂಳೆ ಬೇಗ ಸೋಲುತ್ತದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಪಡೆದ ನೌಕಾಪಡೆಯ ಯುವತಿಯರಲ್ಲಿ ಮೂಳೆ ಬಿರುಕು ಸುಮಾರು 20 ಶೇಕಡ ಕಡಿಮೆಯಾಯಿತು. ನಮ್ಮ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆಯನ್ನು ಬಡವರ ಊಟವೆಂದು ಕೀಳಾಗಿ ಕಾಣುವವರು ಇದನ್ನು ನೆನಪಿಡಲಿ.

ಈ ನೋವು ಹುಡುಗಿಯರಲ್ಲಿ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ. ತಂಡದಿಂದ ಕೈಬಿಟ್ಟಾರು, ಮನೆಯಲ್ಲಿ ಆಟವನ್ನೇ ಬಿಡಿಸಿಯಾರು ಎಂಬ ಭಯದಿಂದ ನೋವು ಮುಚ್ಚಿಡುವವರೂ ಅವರೇ ಹೆಚ್ಚು. ಇದು ನನ್ನ ಅನುಭವ. ಇನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಸೇನೆಯ ಭರ್ತಿಯ 1.6 ಕಿ.ಮೀ. ಓಟಕ್ಕೆಂದು ಮುಂಜಾನೆ ಕತ್ತಲಲ್ಲೇ ಡಾಂಬರು ರಸ್ತೆಯಲ್ಲಿ ಓಡುವುದನ್ನು ಊರವರೆಲ್ಲ ನೋಡಿದ್ದೇವೆ. ಪ್ರಕಟಣೆ ಬಂದ ಮೇಲೆ ಒಂದು ತಿಂಗಳಲ್ಲಿ ತಯಾರಾಗಲು ಹೊರಡುವ ಯುವಕನಿಗೆ 1855ರ ಸೈನಿಕನಿಗೆ ಬಂದ ಗತಿಯೇ ಬರಬಹುದು. ಆ ಕೆಲಸ ಅವನೊಬ್ಬನದಲ್ಲ, ಒಂದು ಮನೆಯ ಆಸರೆ. ಆರು ತಿಂಗಳು ಮೊದಲೇ ನಿಧಾನವಾಗಿ ಆರಂಭಿಸಿದರೆ ಅದೇ ಕಾಲು ಅವನನ್ನು ದಡ ಸೇರಿಸುತ್ತದೆ.

ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಶಿಕ್ಷಕ ಮಿತ್ರರಲ್ಲಿ, ಪೋಷಕರಲ್ಲಿ ನನ್ನ ಕೋರಿಕೆ ಇಷ್ಟೇ. ಮಗು ಕಾಲು ನೋವು ಎಂದರೆ ಅದನ್ನು ಸೋಮಾರಿತನ ಎನ್ನಬೇಡಿ, ಎಲ್ಲಿ ನೋಯುತ್ತದೆ ಎಂದು ಕೇಳಿ. ಎರಡು ವಾರದ ವಿಶ್ರಾಂತಿಯಿಂದ ಒಂದು ಕ್ರೀಡಾಕೂಟ ತಪ್ಪಬಹುದು, ಆದರೆ ಓಟಗಾರ ಉಳಿಯುತ್ತಾನೆ, ಓಟಗಾರ್ತಿ ಉಳಿಯುತ್ತಾಳೆ.