ಗುಂಗುರು ಕೂದಲಿನ ಹಂದಿ ಎಲ್ಲಿ ಹೋಯಿತು?

ಇಂಗ್ಲೆಂಡಿನ ಲಿಂಕನ್‌ಷೈರಿನಲ್ಲಿ ಕುರಿಯ ಹಾಗೆ ಮೈತುಂಬ ಗುಂಗುರು ಕೂದಲಿದ್ದ ಒಂದು ಹಂದಿ ಇತ್ತು. ಹೆಸರು ಲಿಂಕನ್‌ಷೈರ್ ಕರ್ಲಿ ಕೋಟ್. ಚಳಿಗೆ, ಕೆಸರಿಗೆ ಜಗ್ಗದ ಪ್ರಾಣಿ. ಹೊಲದಲ್ಲಿ ದುಡಿಯುವವರ ಮನೆಗಳಲ್ಲಿ ಇದರ ಕೊಬ್ಬು ತುಂಬಿದ ಮಾಂಸಕ್ಕೆ ಉಪ್ಪು ಹಾಕಿ ವರ್ಷವಿಡೀ ತಿನ್ನುತ್ತಿದ್ದರು. 1972ರ ಹೊತ್ತಿಗೆ ಈ ತಳಿಯ ಒಂದು ಹಂದಿಯೂ ಉಳಿದಿರಲಿಲ್ಲ. ಇದನ್ನು ಮುಗಿಸಿದ್ದು ಯಾವ ರೋಗವೂ ಅಲ್ಲ, ಬರಗಾಲವೂ ಅಲ್ಲ. ಬದಲಾದ ಮಾರುಕಟ್ಟೆ, ಅದರ ಜೊತೆಗೆ ಒಂದು ಸಮಿತಿಯ ವರದಿ!

(ನಗಬೇಡಿ, ಹಂದಿಗೂ ಚರಿತ್ರೆ ಇರುತ್ತದೆ :) )

ಸ್ವಲ್ಪ ಹಿಂದಿನಿಂದ ಬರೋಣ. ಯುರೋಪಿನ ಕಾಡುಹಂದಿ ಮತ್ತು ಏಷ್ಯಾದ ಕಾಡುಹಂದಿ ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆಯೇ ಬೇರೆ ಬೇರೆ ದಾರಿ ಹಿಡಿದವು ಎಂದು 2012ರಲ್ಲಿ ಪ್ರಕಟವಾದ ಹಂದಿಯ ಜೀನೋಮ್ ಅಧ್ಯಯನ ಹೇಳುತ್ತದೆ. ಎರಡು ಕಡೆಯ ಜನ ಅವನ್ನು ಬೇರೆ ಬೇರೆಯಾಗಿ ಪಳಗಿಸಿದರು. ಹದಿನೆಂಟನೇ ಶತಮಾನದಲ್ಲಿ ಚೀನಾ ಮತ್ತು ಸಯಾಮಿನಿಂದ ಹಡಗುಗಳಲ್ಲಿ ಹಂದಿಗಳು ಇಂಗ್ಲೆಂಡಿಗೆ ಬಂದವು. ಬೇಗ ಕೊಬ್ಬುವ ಈ ಹಂದಿಗಳನ್ನು ಊರಿನ ಉದ್ದ ಕಾಲಿನ, ನಿಧಾನ ಬೆಳೆಯುವ ಹಂದಿಗಳ ಜೊತೆ ಕೂಡಿಸಿದರು. ಡಾರ್ವಿನ್ 1868ರ ತನ್ನ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿದ್ದಾನೆ. ಆ ಪೂರ್ವದ ಹಂದಿಗಳಿಗೆ ಆಗ 'ಸುಸ್ ಇಂಡಿಕಾ' ಎಂಬ ಹೆಸರಿತ್ತು. ಅವಕ್ಕೂ ಇಂಡಿಯಾಕ್ಕೂ ಏನು ಸಂಬಂಧ ಅಂತ ಡಾರ್ವಿನ್ನನಿಗೂ ಆ ಹೆಸರು ಸರಿ ಕಂಡಿರಲಿಲ್ಲ.

ಅಂದರೆ ಇವತ್ತು ನಾವು 'ಶುದ್ಧ ಇಂಗ್ಲಿಷ್ ತಳಿ' ಅನ್ನುವ ಲಾರ್ಜ್ ವೈಟ್ ಯಾರ್ಕ್‌ಷೈರಿನ ಜೀನೋಮಿನಲ್ಲಿ ಗಣನೀಯ ಪಾಲು ಏಷ್ಯಾದ್ದು. ಇದನ್ನು ಬೆಳೆಸಿದವರೂ ದೊಡ್ಡ ಜಮೀನ್ದಾರರಷ್ಟೇ ಅಲ್ಲ. 1852ರಲ್ಲಿ ಯಾರ್ಕ್‌ಷೈರಿನ ಕೀತ್ಲಿ ಊರಿನ ಪ್ರದರ್ಶನಕ್ಕೆ ಜೋಸೆಫ್ ಟೂಲಿ ಎಂಬ ನೇಕಾರ ತನ್ನ ಹಂದಿಗಳನ್ನು ಹೊಡೆದುಕೊಂಡು ಬಂದ. ಅವುಗಳಲ್ಲಿ ಕೆಲವು ದೊಡ್ಡ ವರ್ಗಕ್ಕೆ ಚಿಕ್ಕವು, ಚಿಕ್ಕ ವರ್ಗಕ್ಕೆ ದೊಡ್ಡವು. ತೀರ್ಪುಗಾರರು ತಲೆ ಕೆರೆದುಕೊಂಡು ಮೂರನೆಯ ವರ್ಗವನ್ನೇ ಹುಟ್ಟುಹಾಕಿದರು. ಮಿಡಲ್ ವೈಟ್ ತಳಿ ಬಂದದ್ದು ಹೀಗೆ. ಆ ಕಾಲದ ಧೋರಣೆ ನೋಡಿ, ಹಂದಿ ಪಟ್ಟಿಗೆ ಹೊಂದದಿದ್ದರೆ ಪಟ್ಟಿಯನ್ನೇ ಬದಲಿಸಿದರು.

ನೂರು ವರ್ಷದ ನಂತರ ಉಲ್ಟಾ ಆಯಿತು. ಎರಡನೇ ಮಹಾಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಮಾಂಸದ ರೇಷನ್ ತೆಗೆದದ್ದು 1954ರಲ್ಲಿ. ಡೆನ್ಮಾರ್ಕಿನ ಬೇಕನ್ ಒಂದೇ ಅಳತೆ, ಒಂದೇ ರುಚಿ. ಬ್ರಿಟನ್ನಿನದು ಊರಿಗೊಂದು ಥರ. 1955ರಲ್ಲಿ ಸರ್ ಹೆರಾಲ್ಡ್ ಹೋವಿಟ್ ಸಮಿತಿ, ಈ ವೈವಿಧ್ಯವೇ ನಮ್ಮ ತೊಡಕು, ಲಾರ್ಜ್ ವೈಟ್, ಲ್ಯಾಂಡ್‌ರೇಸ್, ವೆಲ್ಷ್ ಈ ಮೂರರ ಮೇಲೆ ಗಮನ ಇಡಿ ಎಂದಿತು. ಇವುಗಳಲ್ಲಿ ಲ್ಯಾಂಡ್‌ರೇಸ್ ಬ್ರಿಟನ್ನಿನದೇ ಅಲ್ಲ, 1949ರಲ್ಲಿ ಸ್ವೀಡನ್ನಿನಿಂದ ನಾಲ್ಕು ಗಂಡು, ಎಂಟು ಹೆಣ್ಣುಗಳಾಗಿ ಬಂದಿಳಿದದ್ದು!

ಸಮಿತಿಯವರನ್ನು ಖಳನಾಯಕರು ಅನ್ನಲು ನನಗೆ ಮನಸ್ಸಿಲ್ಲ. ಜನಕ್ಕೆ ಅಗ್ಗದ ಮಾಂಸ ಬೇಕಿತ್ತು, ಹಂದಿಕೊಬ್ಬಿನ ಜಾಗಕ್ಕೆ ಸಸ್ಯದ ಎಣ್ಣೆ ಬರುತ್ತಿತ್ತು. ಆದರೆ ಮಾರುವ ಮಾಲು ಒಂದೇ ಥರ ಇರಬೇಕು ಅನ್ನುವುದು ಬೇರೆ, ಅದರ ಮೂಲವೂ ಒಂದೇ ಥರ ಇರಬೇಕು ಅನ್ನುವುದು ಬೇರೆ. ಕಂಬರ್ಲೆಂಡ್, ಡಾರ್ಸೆಟ್ ಗೋಲ್ಡ್ ಟಿಪ್, ಅಲ್ಸ್ಟರ್ ವೈಟ್ ಎಲ್ಲ ಕಣ್ಮರೆಯಾದವು. ಎಸೆಕ್ಸ್ ಮತ್ತು ವೆಸೆಕ್ಸ್ 1967ರಲ್ಲಿ ಸೇರಿ ಒಂದೇ ಸ್ಯಾಡಲ್‌ಬ್ಯಾಕ್ ಆದವು.

ಹೋದರೆ ಏನಂತೆ? ಇದಕ್ಕೆ ಉತ್ತರ ನನ್ನ ವೃತ್ತಿಯವರಿಗೆ ಬೇಗ ಅರ್ಥವಾಗುತ್ತದೆ. ತೆಳು ಮಾಂಸಕ್ಕಾಗಿ ಆರಿಸಿ ಆರಿಸಿ ಬೆಳೆಸಿದ ಹಂದಿಗಳಲ್ಲಿ ವಿಚಿತ್ರ ಕಾಯಿಲೆ ಕಾಣಿಸಿತು. ಲಾರಿ ಹತ್ತಿಸಿದರೆ ಸಾಕು, ಗಾಬರಿಗೆ ಮೈ ಸೆಟೆದು, ಜ್ವರ ಏರಿ ಸಾಯುತ್ತಿದ್ದವು. ಮಾಂಸವೋ ಬಿಳಿಚಿ ನೀರು ಬಿಡುತ್ತಿತ್ತು. 1991ರಲ್ಲಿ ಕಾರಣ ಸಿಕ್ಕಿತು. ಸ್ನಾಯುವಿನ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಅದೂ ಐದು ತಳಿಗಳಲ್ಲಿ ಅದೇ ಅಕ್ಷರ. ಎಲ್ಲೋ ಒಂದು ಕಡೆ ಹುಟ್ಟಿದ ಬಗ್ ಐದು ಪ್ರಾಜೆಕ್ಟಿಗೂ ಕಾಪಿ ಪೇಸ್ಟ್ ಆದ ಹಾಗೆ. ಅದೇ ಬದಲಾವಣೆ ಮಾಂಸವನ್ನೂ ಹೆಚ್ಚಿಸುತ್ತಿದ್ದರಿಂದ ರೈತರು ಗೊತ್ತಿಲ್ಲದೆ ಅದನ್ನೇ ಆರಿಸುತ್ತಿದ್ದರು. ಆ ಅಕ್ಷರ ಇಲ್ಲದ ಹಂದಿಗಳು ಉಳಿದಿದ್ದಕ್ಕೆ ಪರೀಕ್ಷೆ ಮಾಡಿ ಅದನ್ನು ತೆಗೆಯಲು ಸಾಧ್ಯವಾಯಿತು.

1973ರಲ್ಲಿ ರೇರ್ ಬ್ರೀಡ್ಸ್ ಸರ್ವೈವಲ್ ಟ್ರಸ್ಟ್ ಶುರುವಾದ ಮೇಲೆ ಅಲ್ಲಿ ಇನ್ನೊಂದು ತಳಿ ಅಳಿದಿಲ್ಲ. ಗುಂಗುರು ಹಂದಿಗೆ ಮಾತ್ರ ಒಂದು ವರ್ಷ ತಡ. ಅದರ ಕೆಲವನ್ನು ಹಿಂದೆ ಹಂಗೇರಿಗೆ ಒಯ್ದು ಅಲ್ಲಿನ ಗುಂಗುರು ಹಂದಿ ಮಂಗಲಿತ್ಸಾ ಜೊತೆ ಕೂಡಿಸಿದ್ದರು. 2000ರ ದಶಕದಲ್ಲಿ ಮಂಗಲಿತ್ಸಾಗಳು ಇಂಗ್ಲೆಂಡಿಗೆ ಬಂದಾಗ ಕರ್ಲಿ ಕೋಟ್ ವಾಪಸ್ ಬಂತು ಎಂದು ಕೆಲವರು ಖುಷಿಪಟ್ಟರು. ಕೂದಲು ನೋಡಿದರೆ ಹಾಗೇ ಅನ್ನಿಸುತ್ತದೆ, ಆದರೆ ಅದು ಬೇರೆಯೇ ಹಂದಿ.

ನಮ್ಮಲ್ಲಿ? 2012ರ ಜಾನುವಾರು ಗಣತಿಯಲ್ಲಿ 1.03 ಕೋಟಿ ಇದ್ದ ಹಂದಿಗಳು 2019ಕ್ಕೆ 90.6 ಲಕ್ಷಕ್ಕೆ ಇಳಿದವು. ಕರ್ನಾಟಕದ ಫಾರಂಗಳಲ್ಲೂ ಕಾಣುವುದು ಹೆಚ್ಚಾಗಿ ಆ ನೇಕಾರನ ಊರಿನ ಕಡೆಯ ಯಾರ್ಕ್‌ಷೈರೇ. ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಈಗ ದೇಶಿ ಹಂದಿಗಳನ್ನು ಒಂದೊಂದಾಗಿ ನೋಂದಾಯಿಸುತ್ತಿದೆ. ಪಟ್ಟಿಯ ಮೊದಲ ಸಂಖ್ಯೆ ಬಂಗಾಳದ ಘುಂಗ್ರೂವಿನದು. ನಮಗೆ ಹತ್ತಿರದ್ದು ಬೇಕಿದ್ದರೆ ಪಕ್ಕದ ಗೋವೆಯ ಅಗೋಂದಾ ಇದೆ.